ಪರದೆಯ ಕಥೆಪುಸ್ತಕ: ಮಗುವಿನ ಕಲ್ಪನೆಗೆ ಜಾಗ ಬಿಡುವುದು ಹೇಗೆ?

ಮುಟ್ಟಿದರೆ ಚಿತ್ರ ಕುಣಿಯುವ, ತಾನೇ ಓದಿ ಹೇಳುವ ಡಿಜಿಟಲ್ ಕಥೆಪುಸ್ತಕಗಳು ಮಕ್ಕಳ ಸೃಜನಶೀಲತೆ ಬೆಳೆಸುತ್ತವೆ ಎಂಬ ಮಾತನ್ನು ಪೂರ್ತಿ ನಂಬುವಂತಿಲ್ಲ, ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಟಕಾಕ್ಸ್, ಸ್ವಾರ್ಟ್ ಮತ್ತು ಬಸ್ ಎಂಬ ಸಂಶೋಧಕರು 2015ರಲ್ಲಿ 43 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಕಥೆಗೆ ಹೊಂದುವ ಚಲನೆ, ಸದ್ದುಗಳಿದ್ದರೆ ಮಕ್ಕಳಿಗೆ ಕಥೆ ಚೆನ್ನಾಗಿ ಅರ್ಥವಾಗುತ್ತದೆ, ನಡುನಡುವೆ ಆಟಗಳು ನುಗ್ಗಿದರೆ ಗಮನ ಚದುರುತ್ತದೆ ಎಂಬುದು ಅವರ ತೀರ್ಮಾನ. ಕಥೆಯೇ ತಲೆಗೆ ಹೋಗದಿದ್ದರೆ ಮಗು ಅದನ್ನು ಮುಂದುವರಿಸಿ ಕಲ್ಪಿಸಿಕೊಳ್ಳುವುದಾದರೂ ಹೇಗೆ?

ಆದ್ದರಿಂದ ಮೊದಲ ಹೆಜ್ಜೆ ಆಯ್ಕೆ. ಮಗುವಿಗೆ ಕೊಡುವ ಮುನ್ನ ಪುಸ್ತಕವನ್ನು ನೀವೇ ಕೊನೆತನಕ ಓದಿ, ಮುಟ್ಟಿ ನೋಡಿ. ಬಾವಿಗೆ ಬಿದ್ದ ಮೇಕೆಮರಿಯ ಕಥೆ ಎಂದುಕೊಳ್ಳಿ: ಹಗ್ಗ ಮುಟ್ಟಿದಾಗ ಬುಟ್ಟಿ ಕೆಳಗಿಳಿದರೆ ಅದು ಕಥೆಯದೇ ಭಾಗ, ಮೋಡ ಮುಟ್ಟಿದಾಗ ನಾಣ್ಯ ಉದುರಿದರೆ ಮೇಕೆಮರಿ ಮರೆತೇಹೋಗುತ್ತದೆ. ಅಂಥದ್ದನ್ನು ಬಿಡಿ. ಎರಡನೆಯದು ಸಮಯದ ಮಿತಿ. ಭಾರತೀಯ ಮಕ್ಕಳ ವೈದ್ಯರ ಸಂಘದ 2021ರ ಮಾರ್ಗಸೂಚಿಯಂತೆ 2 ವರ್ಷದೊಳಗಿನವರಿಗೆ ಪರದೆ ಬೇಡ. 2ರಿಂದ 5 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಅದೂ ದೊಡ್ಡವರ ಕಣ್ಣಳತೆಯಲ್ಲಿ.

ಮೂರನೆಯ ಹೆಜ್ಜೆಯೇ ಮುಖ್ಯ: ಪಕ್ಕದಲ್ಲಿ ಕುಳಿತು, ಪುಟ ತಾನಾಗಿ ತಿರುಗದಂತೆ ನಿಲ್ಲಿಸಿ, ಪ್ರಶ್ನೆ ಕೇಳುವುದು. ‘ಮರಿಯನ್ನು ಮೇಲೆತ್ತಲು ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಉತ್ತರ ಬಂದ ಮೇಲೆ ‘ಹಗ್ಗವೇ ಇಲ್ಲದಿದ್ದರೆ?’ ಎನ್ನಿ. ಸೃಜನಶೀಲ ಚಿಂತನೆಯನ್ನು ಅಳೆಯಲು ಮನೋವಿಜ್ಞಾನಿ ಟಾರೆನ್ಸ್ ರೂಪಿಸಿದ ಪರೀಕ್ಷೆಗಳು ನೋಡುವುದೂ ಇದನ್ನೇ: ಎಷ್ಟು ಉಪಾಯ ಹೊಳೆಯಿತು, ಅವುಗಳಲ್ಲಿ ಎಷ್ಟು ಬಗೆಯವು, ಎಷ್ಟು ಹೊಸವು. ಪುಸ್ತಕ ತೋರಿಸುವ ಉಪಾಯ ಸಾಮಾನ್ಯವಾಗಿ ಒಂದೇ. ಉಳಿದವು ಮಗುವಿನಿಂದಲೇ ಬರಬೇಕು.

ಹಾಗಿದ್ದರೆ ಅಚ್ಚಿನ ಪುಸ್ತಕವೇ ಸಾಲದೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಪರದೆಯ ಪುಸ್ತಕ ಹಿಡಿದಾಗ ತಂದೆತಾಯಿ ಮತ್ತು ಪುಟ್ಟ ಮಕ್ಕಳ ನಡುವಿನ ಮಾತು ಕಡಿಮೆಯಾಗುತ್ತದೆ ಎಂದು ಅಮೆರಿಕದ 2019ರ ಅಧ್ಯಯನವೊಂದು ತೋರಿಸಿದೆ. ಮಾತನ್ನು ಮರಳಿ ತರಲೆಂದೇ ಮೂರನೆಯ ಹೆಜ್ಜೆ. ಬಿಡುವಿಲ್ಲದ ಪೋಷಕರು ದಿನಕ್ಕೊಂದು ಕಥೆ, ಎರಡು ಪ್ರಶ್ನೆ ಎಂದಿಟ್ಟುಕೊಂಡರೂ ಸಾಕು. ಮೇಲಾಗಿ, ಮನೆಯಲ್ಲಿ ಕನ್ನಡ ಪುಸ್ತಕಗಳು ಕಡಿಮೆಯಿದ್ದರೆ ಪರದೆ ನಿಜಕ್ಕೂ ನೆರವಾಗುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತ. ಅಲ್ಲಿನ ಚಿತ್ರಗಳನ್ನು ಆರಿಸಿ ಹೊಸ ಕಥೆ ಕಟ್ಟಲೂಬಹುದು. ನಾಲ್ಕನೆಯ ಹೆಜ್ಜೆ ಅದೇ: ಮಗು ಹೇಳಲಿ, ನೀವು ಟೈಪ್ ಮಾಡಿ, ವಾಕ್ಯ ತಿದ್ದಲು ಹೋಗಬೇಡಿ. ಓದಿದ ಕಥೆಗೆ ಮಗು ತನ್ನದೊಂದು ತಿರುವು ಕೊಡತೊಡಗಿದರೆ ಆ ಪುಸ್ತಕ ಉಳಿಸಿಕೊಳ್ಳಿ. ಬರೀ ಬೆರಳಾಡಿಸುತ್ತಿದ್ದರೆ ಬದಲಾಯಿಸಿ.