ಅಲೋಶಿಯಸ್ ಚಾಪೆಲ್: ಕೂತು ನೋಡುವ ಜಾಗ

ಮಂಗಳೂರಿಗೆ ಬರುವವರ ಪಟ್ಟಿಯಲ್ಲಿ ಪಣಂಬೂರು ಕಡಲು, ಕದ್ರಿ ದೇವಸ್ಥಾನ, ಮಧ್ಯಾಹ್ನದ ಮೀನೂಟ ಎಲ್ಲಕ್ಕೂ ಸಮಯ ಇರುತ್ತದೆ. ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ಗೆ ಮಾತ್ರ ದಾರಿಯಲ್ಲಿ ಸಿಕ್ಕ ಹದಿನೈದು ನಿಮಿಷ. ಒಳಗೆ ಒಂದು ಸುತ್ತು ಹಾಕಿ, ತಲೆ ಎತ್ತಿ ‘ಅಬ್ಬಾ’ ಎಂದು ಹೊರಬರುವವರನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಗೋಡೆ, ಕಮಾನು, ಸೂರು ಎಲ್ಲವೂ ಚಿತ್ರಗಳಿಂದ ತುಂಬಿರುವ ಇಂಥ ಜಾಗ ನಮ್ಮ ನಾಡಿನಲ್ಲಿ ಅಪರೂಪ. ಕನಿಷ್ಠ ಒಂದು ಗಂಟೆ ಇಟ್ಟುಕೊಂಡು ಬನ್ನಿ.

ತಲುಪುವುದು ಕಷ್ಟವಿಲ್ಲ. ಹಂಪನಕಟ್ಟೆಯಿಂದ ಗುಡ್ಡ ಹತ್ತಿದರೆ ಚಾಪೆಲ್ ಇರುವ ಅಲೋಶಿಯಸ್ ಕಾಲೇಜಿನ ಆವರಣ. ಸೆಂಟ್ರಲ್ ರೈಲು ನಿಲ್ದಾಣದಿಂದ ಆಟೋದಲ್ಲಿ ಸ್ವಲ್ಪವೇ ಹೊತ್ತು. ‘ಅಲೋಶಿಯಸ್ ಚಾಪೆಲ್’ ಎಂದರೆ ಯಾವ ಆಟೋದವರಿಗೂ ಗೊತ್ತು. ತೆರೆದಿರುವ ವೇಳೆ, ಪ್ರವೇಶದ ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ಮುಂಚೆ ಕಾಲೇಜಿಗೆ ಒಂದು ಫೋನ್ ಮಾಡಿ. ಪೂಜೆ, ಮದುವೆ, ಕಾಲೇಜಿನ ಕಾರ್ಯಕ್ರಮಗಳಿದ್ದಾಗ ಪ್ರವಾಸಿಗರು ಕಾಯಬೇಕಾಗುತ್ತದೆ. ಭಾನುವಾರ ಬೆಳಿಗ್ಗೆ ಬಿಟ್ಟು ವಾರದ ನಡುವೆ ಬರುವುದು ಒಳ್ಳೆಯದು. ಒಳಗೆ ಫೋಟೊ ತೆಗೆಯುವಂತಿಲ್ಲ. ಇದರಿಂದ ಬೇಸರ ಮಾಡಿಕೊಳ್ಳಬೇಡಿ. ಕ್ಯಾಮೆರಾ ಚೀಲಕ್ಕೆ ಹೋದ ಮೇಲೆಯೇ ಕಣ್ಣು ಕೆಲಸ ಶುರು ಮಾಡುವುದು. ಬದಲಿಗೆ ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ತನ್ನಿ. ಸೂರಿನ ಚಿತ್ರಗಳಲ್ಲಿ ಮುಖಭಾವ ಕಾಣಬೇಕಾದರೆ ಅದು ಬೇಕು.

ಮೊದಲು ಯಾರ ಕತೆ ಎಂದು ತಿಳಿದಿರಲಿ. ಅಲೋಶಿಯಸ್ ಗೊಂಝಾಗ 1568ರಲ್ಲಿ ಉತ್ತರ ಇಟಲಿಯ ಕಾಸ್ತಿಲಿಯೋನೆಯಲ್ಲಿ ಹುಟ್ಟಿದವನು. ಅಲ್ಲಿನ ದೊರೆಯ ಹಿರಿಯ ಮಗ. ತಂದೆಗೆ ಅವನನ್ನು ಸೈನಿಕನನ್ನಾಗಿ ಮಾಡುವ ಆಸೆ. ಹುಡುಗ ಹಟ ಹಿಡಿದು, ತನ್ನ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು, 1585ರಲ್ಲಿ ರೋಮಿನಲ್ಲಿ ಯೇಸುಸಭೆ ಎಂಬ ಕ್ಯಾಥೊಲಿಕ್ ಧಾರ್ಮಿಕ ಸಂಘ ಸೇರಿದ. 1591ರಲ್ಲಿ ಆ ಊರಿಗೆ ಸಾಂಕ್ರಾಮಿಕ ಬಂದಾಗ ರೋಗಿಗಳ ಆರೈಕೆಗೆ ನಿಂತ. ಅದೇ ರೋಗ ತಗಲಿ ಜೂನ್ 21ರಂದು ತೀರಿಕೊಂಡಾಗ ವಯಸ್ಸು ಬರೀ 23. ವಿದ್ಯಾರ್ಥಿಗಳ ಚಾಪೆಲ್‌ಗೆ ಅವನ ಹೆಸರು ಬಂದದ್ದು ಸಹಜ. ಇಟಲಿಯ ಯೇಸುಸಭೆಯ ಪಾದ್ರಿಗಳು ಮಂಗಳೂರಿಗೆ ಬಂದದ್ದು 1878ರ ಕೊನೆಯ ದಿನ. ಕಾಲೇಜು ಆರಂಭವಾದದ್ದು 1880ರಲ್ಲಿ, ಚಾಪೆಲ್ ಎದ್ದದ್ದು ಅದಾದ ಐದೇ ವರ್ಷದೊಳಗೆ.

ಕಟ್ಟಡ ಎದ್ದಾಗ ಈ ಚಿತ್ರಗಳಿರಲಿಲ್ಲ. ಬರೆದವರು ಬ್ರದರ್ ಅಂತೋನಿಯೊ ಮೊಸ್ಕೇನಿ. ಬೆರ್ಗಮೊ ಹತ್ತಿರದ ಸ್ತೆಝಾನೊ ಎಂಬ ಊರಿನವರು, ಬೆರ್ಗಮೊದ ಕರ್ರಾರ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತು, ಆಮೇಲೆ ಯೇಸುಸಭೆ ಸೇರಿದವರು. 1899ರಲ್ಲಿ ಮಂಗಳೂರಿಗೆ ಬಂದಾಗ ಅವರಿಗೆ 45 ವರ್ಷ. 1901ರ ಹೊತ್ತಿಗೆ ಇಷ್ಟೂ ಕೆಲಸ ಮುಗಿದಿತ್ತು. ಒಳಗೆ ಕೂತು ಸುತ್ತ ನೋಡುವಾಗ ಈ ಲೆಕ್ಕ ನಂಬಲು ಕಷ್ಟವಾಗುತ್ತದೆ.

ಇನ್ನೂ ಕಷ್ಟವಾಗುವುದು ಕೆಲಸದ ಬಗೆ ತಿಳಿದಾಗ. ಇಲ್ಲಿ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದ ಚಿತ್ರಗಳೂ ಇವೆ; ಆದರೆ ಹೆಚ್ಚಿನವು ಫ್ರೆಸ್ಕೊ. ಸುಣ್ಣದ ಗಾರೆಯನ್ನು ಗೋಡೆಗೆ ಬಳಿದು, ಅದು ಹಸಿಯಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣ ಗಟ್ಟಿಯಾಗುವಾಗ ಬಣ್ಣದ ಕಣಗಳು ಅದರೊಳಗೇ ಸೆರೆಯಾಗುತ್ತವೆ. ಅಂಟು ಬೇಡ, ಎಣ್ಣೆ ಬೇಡ. ಬಣ್ಣ ಗೋಡೆಯ ಭಾಗವೇ ಆಗಿಬಿಡುತ್ತದೆ. ಹಾಗಾಗಿ ಆ ದಿನ ಎಷ್ಟು ಬರೆಯಲು ಸಾಧ್ಯವೋ ಅಷ್ಟಕ್ಕೇ ಗಾರೆ ಬಳಿಯಬೇಕು. ಕೈ ತಪ್ಪಿದರೆ ಅಳಿಸಿ ತಿದ್ದುವ ಮಾತಿಲ್ಲ, ಗಾರೆ ಕೆತ್ತಿ ಮತ್ತೆ ಬಳಿಯಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ, ಅಟ್ಟಣಿಗೆ ಹತ್ತಿ, ಕತ್ತು ಮೇಲೆತ್ತಿಕೊಂಡೇ ಮಾಡಬೇಕಾದ ಕೆಲಸ ಇದು.

ನೋಡಲು ಒಂದು ಕ್ರಮ ಹೇಳುತ್ತೇನೆ. ಒಳಗೆ ಹೋದವರು ನಡುವಿನ ಒಂದು ಬೆಂಚಿನಲ್ಲಿ ಕೂತುಬಿಡಿ. ಸೂರಿನ ನಡುಸಾಲಿನಲ್ಲಿ ಅಲೋಶಿಯಸ್‌ನ ಬದುಕು. ಒಂದೊಂದಾಗಿ ನೋಡುತ್ತ ಬನ್ನಿ. ಇಳಿಜಾರು ಭಾಗದಲ್ಲಿ ಯೇಸುವಿನ ಶಿಷ್ಯರು. ಪಕ್ಕದ ಗೋಡೆಗಳ ಮೇಲ್ಭಾಗದಲ್ಲಿ ಸಂತರು. ಆಮೇಲೆ ಬಲಿಪೀಠದ ಕಡೆ ತಿರುಗಿ. ರೋಮಿನ ರೋಗಿಗಳ ನಡುವೆ ಅಲೋಶಿಯಸ್ ಇರುವ ಚಿತ್ರ ಅಲ್ಲಿದೆ. ಕತೆಯ ಕೊನೆ ನಿಮಗೆ ಮೊದಲೇ ಗೊತ್ತಿರುವುದರಿಂದ ಅದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೀರಿ. ಹೊರಡುವ ಮುನ್ನ ಹಿಂಗೋಡೆಯ ಮೇಲೆ ಮಕ್ಕಳ ಜೊತೆಗಿರುವ ಯೇಸುವನ್ನು ನೋಡಲು ಮರೆಯಬೇಡಿ; ಎಲ್ಲರೂ ಬೆನ್ನು ಮಾಡಿ ಕೂರುವ ಗೋಡೆ ಅದು.

ಇನ್ನೊಂದು ಕೆಲಸ ಮಾಡಿ. ಚಿತ್ರಗಳ ಸುತ್ತ ಉಬ್ಬಿನಿಂತಂತೆ ಕಾಣುವ ಅಂಚು, ಪಟ್ಟಿಕೆ, ಹೂಬಳ್ಳಿಗಳನ್ನು ಮೊದಲು ದೂರದಿಂದ ನೋಡಿ. ಕಲ್ಲಿನಲ್ಲಿ ಕೆತ್ತಿದ್ದೇ ಎನಿಸುತ್ತದೆ. ನಂತರ ಗೋಡೆಯ ಪಕ್ಕಕ್ಕೆ ಹೋಗಿ ಅದರ ಉದ್ದಕ್ಕೆ ಕಣ್ಣು ಹಾಯಿಸಿ. ಉಬ್ಬು ಅನಿಸಿದ್ದರಲ್ಲಿ ಎಷ್ಟೋ ಮಾಯವಾಗಿ ಸಪಾಟು ಗೋಡೆ ಕಾಣುತ್ತದೆ. ಬೆಳಕು ಯಾವ ಕಡೆಯಿಂದ ಬೀಳಬೇಕು, ನೆರಳು ಎಷ್ಟು ಉದ್ದ ಇರಬೇಕು ಎಂದು ಲೆಕ್ಕ ಹಾಕಿ ಮೊಸ್ಕೇನಿ ಕುಂಚದಲ್ಲೇ ತಂದ ಉಬ್ಬು ಅದು. ಮುಟ್ಟಿ ನೋಡುವ ಆಸೆಯಾದರೂ ಕೈ ಹಿಂದಕ್ಕಿರಲಿ. ಬೆವರು, ತೇವ ಈ ಚಿತ್ರಗಳ ಶತ್ರು. ಕರಾವಳಿಯ ಹವೆಗೆ ಹಾಳಾಗುತ್ತಿದ್ದ ಇವನ್ನು 1991ರಿಂದ 1994ರವರೆಗೆ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ತಜ್ಞರು ಸಂರಕ್ಷಿಸಿದ್ದಾರೆ.

ಮಳೆಗಾಲದ ಮೋಡದ ದಿನ ಒಳಗೆ ಬೆಳಕು ಕಡಿಮೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಬಿಸಿಲೇರಿದ ಹೊತ್ತು ಬಣ್ಣ ನೋಡಲು ಅನುಕೂಲ. ಭುಜ, ಮೊಣಕಾಲು ಮುಚ್ಚುವ ಉಡುಪು ಹಾಕಿಕೊಳ್ಳಿ, ಮೊಬೈಲ್ ಸದ್ದು ನಿಲ್ಲಿಸಿ. ಇದು ಇಂದಿಗೂ ಪ್ರಾರ್ಥನೆ ನಡೆಯುವ ಜಾಗ. ತರಗತಿಗಳ ನಡುವೆ ಬಂದು ಕಣ್ಣು ಮುಚ್ಚಿ ಕೂತ ವಿದ್ಯಾರ್ಥಿಗಳ ಎದುರು ಬೆರಳು ತೋರಿಸುತ್ತ ವಿವರಣೆ ಕೊಡಬೇಡಿ. ಗುಂಪಾಗಿ ಬರುವುದಾದರೆ ಮೊದಲೇ ತಿಳಿಸಿ, ವಿವರಿಸುವವರು ಸಿಗುತ್ತಾರೆಯೇ ಕೇಳಿಕೊಳ್ಳಿ.

ಮಕ್ಕಳು ಜೊತೆಗಿದ್ದರೆ ಕಾಲೇಜಿನ ವಸ್ತುಸಂಗ್ರಹಾಲಯ ‘ಅಲೋಶಿಯಂ’ ಕೂಡ ತೆರೆದಿದೆಯೇ ವಿಚಾರಿಸಿ. ಅಲ್ಲಿರುವ ಹಳೆಯ ಡಿ ಡಿಯಾನ್ ಕಾರು ಅವರಿಗೆ ಹಿಡಿಸುತ್ತದೆ. ಚಿತ್ರಗಳ ಹುಚ್ಚು ಹಿಡಿದವರಿಗೆ ಮಾತ್ರ ನನ್ನ ಸಲಹೆ ಬೇರೆ: ಜೆಪ್ಪು ಸೆಮಿನರಿಯ ಚಾಪೆಲ್‌ನಲ್ಲೂ ಮೊಸ್ಕೇನಿಯ ಕೆಲಸವಿದೆ. ಅದು ಪಾದ್ರಿಗಳಾಗುವವರು ಓದುವ ಜಾಗವಾದ್ದರಿಂದ ಮೊದಲೇ ಅನುಮತಿ ಕೇಳಿ ಹೋಗಬೇಕು.