ಎಳೆಗೂಸುಗಳ ನಂಜು

ಗಾಯಕ್ಕೆ ನಂಜೇರಿತು ಎಂಬ ಮಾತು ನಮ್ಮ ಮನೆಗಳಲ್ಲಿ ಹಳೆಯದು. ವೈದ್ಯರು ಸೆಪ್ಸಿಸ್ ಎನ್ನುವುದು ಅದಕ್ಕಿಂತ ಘೋರವಾದುದು. ಸೋಂಕನ್ನು ಎದುರಿಸಹೊರಟ ಶರೀರವೇ ಹದ ತಪ್ಪಿ ತನ್ನ ಶ್ವಾಸಕೋಶ, ಮೂತ್ರಪಿಂಡ, ಹೃದಯಗಳನ್ನು ಕೆಡಿಸಿಕೊಳ್ಳುತ್ತದೆ. 2020ರಲ್ಲಿ ಪ್ರಕಟವಾದ ಲೆಕ್ಕದಂತೆ, 2017ನೆಯ ಇಸವಿಯೊಂದರಲ್ಲೇ ಜಗತ್ತಿನಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು 2 ಕೋಟಿ ಪ್ರಕರಣಗಳಾದವು. ತೀರಿಕೊಂಡವರು 29 ಲಕ್ಷ. ಬಹುಪಾಲು ಬಡದೇಶಗಳ ಕೂಸುಗಳೇ.

ಎಳೆಗೂಸಿಗೆ ಜ್ವರ ಬಂದೇ ಬರುತ್ತದೆಂದು ಕಾಯಬಾರದು. ಮೈ ತಣ್ಣಗಾಗಬಹುದು. ಹಾಲು ಬಿಡುವುದು, ಅಳು ಕುಗ್ಗುವುದು, ಉಸಿರು ಏರುವುದು, ಎದೆ ಒಳಕ್ಕೆ ಸೆಳೆಯುವುದು, ಇವೆಲ್ಲ ಗುರುತುಗಳು. ‘ಕೂಸು ಬಲು ಸಾಧು, ಅಳುವುದೇ ಇಲ್ಲ’ ಎಂದು ನಾವು ಮೆಚ್ಚುವ ಹೊತ್ತೇ ಅಪಾಯದ ಹೊತ್ತಾಗಿರಬಹುದು! ಅಂಥ ಕೂಸನ್ನು ನಡುರಾತ್ರಿಯಾದರೂ ಆಗಲೇ ಆಸ್ಪತ್ರೆಗೆ ಒಯ್ಯಬೇಕು.

ಇವನ್ನು ಗುರುತಿಸಲು ದೊಡ್ಡ ಓದು ಬೇಕಿಲ್ಲವೆಂಬುದು ನಾವಿರುವ ಈ ಮಹಾರಾಷ್ಟ್ರದಲ್ಲೇ ಸಿದ್ಧವಾಗಿದೆ. ಗಡಚಿರೋಲಿ ಜಿಲ್ಲೆಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿಗಳು ಅಲ್ಪಸ್ವಲ್ಪ ಓದಿದ ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟರು. ಅವರು ಮನೆಮನೆಗೆ ಹೋಗಿ ಕೂಸನ್ನು ತೂಗಿದರು, ಉಸಿರೆಣಿಸಿದರು. ನಂಜಿನ ಗುರುತು ಕಂಡು, ತಂದೆತಾಯಿಗಳು ಆಸ್ಪತ್ರೆಗೆ ಒಪ್ಪದಿದ್ದಲ್ಲಿ ತಾವೇ ಜೆಂಟಾಮೈಸಿನ್ ಚುಚ್ಚುಮದ್ದು ಕೊಟ್ಟರು. 1999ರಲ್ಲಿ ಪ್ರಕಟವಾದ ವರದಿಯಂತೆ, ಇಂಥ ಆರೈಕೆಯಿಲ್ಲದ ಹಳ್ಳಿಗಳಿಗೆ ಹೋಲಿಸಿದರೆ ಮೂರನೆಯ ವರ್ಷಕ್ಕೆ ನವಜಾತ ಶಿಶುಮರಣ ಶೇಕಡಾ 62ರಷ್ಟು ತಗ್ಗಿತ್ತು.