ಇಂದಿನ ಧಮ್ಮ ಚಿಂತನೆ: ಹುಟ್ಟಿನ ಗುರುತು ಎಲ್ಲಿದೆ?




ಸುತ್ತನಿಪಾತದ ವಾಸೆಟ್ಠ ಸುತ್ತದಲ್ಲಿ ವಾಸೆಟ್ಠ, ಭಾರದ್ವಾಜ ಎಂಬ ಇಬ್ಬರು ತರುಣರು ಒಂದು ಜಗಳ ಹೊತ್ತು ಬುದ್ಧರ ಬಳಿ ಬರುತ್ತಾರೆ. ಬ್ರಾಹ್ಮಣನಾಗುವುದು ಹುಟ್ಟಿನಿಂದಲೋ, ನಡತೆಯಿಂದಲೋ? ಬುದ್ಧರು ಹುಲ್ಲು, ಮರ, ಇರುವೆ, ಹಾವು, ಮೀನು, ಹಕ್ಕಿಗಳನ್ನು ಒಂದೊಂದಾಗಿ ಹೆಸರಿಸುತ್ತಾರೆ. ಇವುಗಳಲ್ಲಿ ಜಾತಿ ಜಾತಿಗೂ ಮೈಮೇಲೆ ಗುರುತಿದೆ. ಮನುಷ್ಯರಲ್ಲಿ ಕೂದಲು, ಕಿವಿ, ಕಣ್ಣು, ಮೂಗು, ಎಲ್ಲಿ ಹುಡುಕಿದರೂ ಅಂಥ ಗುರುತಿಲ್ಲ; ಹೆಸರಷ್ಟೇ ಬೇರೆ ಎನ್ನುತ್ತಾರೆ.

ಬುದ್ಧರೇ ವಿಕಾಸವಾದ ಹೇಳಿದ್ದರು ಎಂದು ನಾವು ಕೊಚ್ಚಿಕೊಳ್ಳಬೇಕಿಲ್ಲ. ಅದನ್ನು ಡಾರ್ವಿನ್ 1859ರ ತಮ್ಮ ಪುಸ್ತಕದಲ್ಲಿ ಸಾಕ್ಷ್ಯಸಮೇತ ಮುಂದಿಟ್ಟರು. ಆದರೆ ಕಣ್ಣಿಟ್ಟು ನೋಡಿ ತಿಳಿಯುವ ದಾರಿ ಎರಡರಲ್ಲೂ ಒಂದೇ. ವಿಜ್ಞಾನ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ಗುರುತು ಬೇರೆಯಿರುವ ಜೀವಿಗಳೂ ದೂರದ ನೆಂಟರೇ.

ನಮ್ಮ ಹೊಲದ ಟೊಮೆಟೊ, ಬದನೆ, ಆಲೂಗಡ್ಡೆ ನೋಡಿ. ತಿನ್ನುವಾಗ ಮೂರೂ ಬೇರೆ. ಹೂವುಗಳನ್ನು ಪಕ್ಕಪಕ್ಕ ಇಟ್ಟರೆ ಮೂರೂ ನಕ್ಷತ್ರದಂತೆ, ನಡುವೆ ಹಳದಿ ಕೇಸರಗಳ ಗೊಂಚಲು. ಬದನೆ ಗಿಡದ ಮೇಲೆ ಟೊಮೆಟೊ ಕಸಿ ಕಟ್ಟಿದರೆ ಹಿಡಿಯುತ್ತದೆ. ಮಾವಿನ ಮೇಲೆ ಹಿಡಿಯುವುದಿಲ್ಲ. ಹತ್ತಿರದ ನಂಟು ಎಂದರೆ ಇದು.

ಬರೀ ಹೋಲಿಕೆ ಸಾಕ್ಷಿಯಾಗುತ್ತದೆಯೇ ಎಂದು ಕೇಳುವವರಿಗೆ ಓಲೆಗರಿಯ ಉದಾಹರಣೆ ಕೊಡಬಹುದು. ಹಳಗನ್ನಡ ಕಾವ್ಯದ ಎರಡು ಓಲೆಪ್ರತಿಗಳಲ್ಲಿ ಅದೇ ಜಾಗದಲ್ಲಿ ಅದೇ ಕೈತಪ್ಪುಗಳು ಮತ್ತೆ ಮತ್ತೆ ಕಂಡರೆ, ಎರಡೂ ಒಂದೇ ಮೂಲಪ್ರತಿಯಿಂದ ಇಳಿದವು ಎಂದು ಗ್ರಂಥಸಂಪಾದಕರು ತೀರ್ಮಾನಿಸುತ್ತಾರೆ. ಸರಿಯಾದದ್ದನ್ನು ಇಬ್ಬರು ಬೇರೆಬೇರೆಯಾಗಿ ಬರೆಯಬಹುದು. ಅಷ್ಟೂ ತಪ್ಪುಗಳನ್ನು ಹಾಗೆಯೇ ಬರೆಯುವುದು ಸಾಧ್ಯವಿಲ್ಲ.

ಡಿಎನ್‌ಎ ಕೂಡ ಪ್ರತಿಯಿಂದ ಪ್ರತಿಗೆ ಇಳಿದ ಬರಹ. ಮೇಕೆ, ದನ, ನಾಯಿ ತಮಗೆ ಬೇಕಾದ ವಿಟಮಿನ್ ಸಿ ಅನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ನಾವು ನೆಲ್ಲಿಕಾಯಿ, ನಿಂಬೆ ತಿನ್ನಬೇಕು. ಆ ಕೆಲಸದ ಜೀನ್ ನಮ್ಮಲ್ಲೂ ಇದೆ, ಆದರೆ ಕೆಟ್ಟುಹೋಗಿದೆ. ಚಿಂಪಾಂಜಿಯಲ್ಲೂ ಕೋತಿಯಲ್ಲೂ ಅದೇ ಜೀನ್ ಕೆಟ್ಟಿದೆ, ಹಲವು ತಪ್ಪುಗಳು ಅವೇ. ಗಿನಿಪಿಗ್‌ನಲ್ಲೂ ಕೆಟ್ಟಿದೆ, ಆದರೆ ಬೇರೆ ರೀತಿಯಲ್ಲಿ. ಅಂದರೆ ಕೋತಿ ನಮ್ಮ ಅಜ್ಜನಲ್ಲ. ಕೋತಿಗೂ ನಮಗೂ ಒಬ್ಬನೇ ಹಿರಿಯ.

ಇನ್ನು ಮನುಷ್ಯ ಮನುಷ್ಯರ ನಡುವೆ? ಲೋಕದ ಯಾವ ಇಬ್ಬರನ್ನು ತೆಗೆದುಕೊಂಡರೂ ಡಿಎನ್‌ಎ ಸುಮಾರು 99.9 ಶೇಕಡಾ ಒಂದೇ. ಊರ ಮುಂದಿನ ಬೀದಿ, ಊರ ಹೊರಗಿನ ಕೇರಿ ಎಂಬ ಗೆರೆ ಎಳೆದದ್ದು ಪ್ರಕೃತಿಯಲ್ಲ, ನಾವು.

2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠ ತೆಗೆಯಿತು. ಹತ್ತರ ನಂತರ ಜೀವಶಾಸ್ತ್ರ ಓದದ ಮಕ್ಕಳಿಗೆ ಇದನ್ನು ಹೇಳುವವರು ಯಾರು? ಹುಟ್ಟಿನ ಮೇಲುಕೀಳಿನ ಮಾತು ಮಾತ್ರ ಯಾವ ಪುಸ್ತಕವೂ ಇಲ್ಲದೆ ಅವರ ಕಿವಿಗೆ ಬೀಳುತ್ತಲೇ ಇರುತ್ತದೆ.

*ಇಂದಿನ ಅಭ್ಯಾಸ:* ಮನೆಯ ಮಕ್ಕಳಿಗೆ ಟೊಮೆಟೊ ಹೂ, ಬದನೆ ಹೂ ಎರಡನ್ನೂ ತೋರಿಸಿ. ಯಾರಾದರೂ ಹುಟ್ಟಿನಿಂದ ಮೇಲು ಎಂದರೆ ಸಿಟ್ಟಾಗಬೇಡಿ, ಸಮಾಧಾನವಾಗಿ ಕೇಳಿ: ಗುರುತು ಎಲ್ಲಿದೆ, ತೋರಿಸಿ.

ಭವತು ಸಬ್ಬ ಮಂಗಲಂ 🪷